ಬಾಡಿಗೆ ಮನೆಗಳ ಮಾಳಿಗೆ ಕಾಯುವ ಹೊಳೆವ್ವ

ರೋಣದ ಹತ್ತಿ ಗಿರಣಿಯ ಹಿಂದಿನ ಓಣಿಯಲ್ಲಿ ಇನ್ನೂ ಯಾರ ಮನೆಯ ಒಲೆಯೂ ಹೊತ್ತಿಲ್ಲ. ಮೂಡಣದ ಹೊಲಗಳ ಕಡೆ ಆಕಾಶ ಸ್ವಲ್ಪ ಬೂದುಬಣ್ಣಕ್ಕೆ ತಿರುಗಿದೆ, ಅಷ್ಟೇ. ಒಂದಕ್ಕೊಂದು ಅಂಟಿಕೊಂಡು ನಿಂತ ಮಣ್ಣಿನ ಖೋಲಿಗಳ ಮಾಳಿಗೆಯ ಮೇಲೆ ಹೆಂಗಸೊಬ್ಬಳು ನಿಧಾನವಾಗಿ ನಡೆಯುತ್ತಿದ್ದಾಳೆ. ಕಚ್ಚೆ ಬಿಗಿದಿದೆ, ಸೆರಗು ತಲೆಗೆ ಸುತ್ತಿದೆ. ಹೆಜ್ಜೆ ಇಟ್ಟಲ್ಲೆಲ್ಲ ಅಂಗಾಲಿನಿಂದ ಮಣ್ಣನ್ನು ಒತ್ತಿ ನೋಡುತ್ತಾಳೆ. ಕಾಲ ಕೆಳಗೆ ಟೊಳ್ಳೆನಿಸಿದ ಕಡೆ ನಿಲ್ಲುತ್ತಾಳೆ, ಕುಕ್ಕರಗಾಲಿನಲ್ಲಿ ಕೂರುತ್ತಾಳೆ, ಕಳೆ ಕೀಳುವ ಕುರ್ಚಿಗೆಯಿಂದ ಕೆರೆಯುತ್ತಾಳೆ.

ಬೆಳಕಿಂಡಿಯಿಂದ ನಿದ್ದೆಗಣ್ಣಿನ ದನಿಯೊಂದು ಮೇಲೆ ಬರುತ್ತದೆ. "ಯಾರದು? ಹೊಳೆವ್ವ ಏನ?"

"ನಾನ. ಮಲ್ಕೊ, ಇನ್ನೂ ಹೊತ್ತೈತಿ."

"ಕೂಸಿನ ಮ್ಯಾಲ ಮಣ್ಣು ಉದರಾಕ ಹತ್ತೈತಿ ಯವ್ವಾ."

"ಬಾಗಲ ಕಡಿ ಸರಿಸಿ ಮಲಗಸು. ಇಲ್ಲಿ ಇರಿವಿ ಗೂಡು ಕಟ್ಯಾವು, ತಗೀತೀನಿ."

ಕೆಳಗೆ ಕೌದಿ ಎಳೆದ ಸದ್ದು, ಮಗುವಿನ ಕೊಸಕೊಸ. ಹೊಳೆವ್ವ ಇರುವೆ ಕೊರೆದ ಜಾಗವನ್ನು ಗುಂಡಗೆ ಅಗೆದು, ಒದ್ದೆ ಮಣ್ಣು ತುಂಬಿ, ಹಿಮ್ಮಡಿಯಿಂದ ತುಳಿಯುತ್ತಾಳೆ. ಸೂರ್ಯ ಮೇಲೆ ಬರುವುದರೊಳಗೆ ಈ ಸಾಲಿನ ಅರ್ಧ ಮಾಳಿಗೆ ಮುಗಿಯಬೇಕು. ಬಿಸಿಲೇರಿದರೆ ಹಾಸಿದ ಮಣ್ಣು ಹದಗೆಟ್ಟು ಬಿರುಕು ಬಿಡುತ್ತದೆ. ವೈಶಾಖ ಮುಗಿಯುತ್ತ ಬಂದಿದೆ.

ಈ ಸೀಮೆಯ ಬಡವರ ಮನೆಗಳಿಗೆ ಹೆಂಚಿಲ್ಲ. ಕಲ್ಲುಮಣ್ಣಿನ ದಪ್ಪ ಗೋಡೆ, ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಬೇವಿನ ಸೊಪ್ಪೋ ತೊಗರಿಕಟ್ಟಿಗೆಯೋ ಹರಡಿ, ಅದರ ಮೇಲೆ ಮೊಳದಷ್ಟು ಮಣ್ಣು; ಇದೇ ಮಾಳಿಗೆ. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಆದರೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಮೇಲಿನ ಹಳೆಯ ಪದರು ಕೆರೆದು ಹಾಕಿ, ಹಳ್ಳದ ದಂಡೆಯ ಸವಳು ಮಣ್ಣು ತಂದು ಹಾಸಿ, ನೀರು ಚಿಮುಕಿಸಿ ಬಡಿಯಬೇಕು. ಸವಳು ನೀರನ್ನು ಒಳಗೆ ಬಿಡುವುದಿಲ್ಲ. ಒಂದು ವರ್ಷ ಬಿಟ್ಟರೆ ಮನೆ ಸೋರುತ್ತದೆ. ಎರಡು ವರ್ಷ ಬಿಟ್ಟರೆ ನೆನೆದ ಮಣ್ಣಿನ ಭಾರಕ್ಕೆ ತೊಲೆ ಬಾಗಿ, ನೀರು ಗೋಡೆಯೊಳಗೆ ಇಳಿಯುತ್ತದೆ.

ಸ್ವಂತ ಮನೆಯವರು ಈ ಕೆಲಸವನ್ನು ಹೇಗೋ ಮಾಡಿಕೊಳ್ಳುತ್ತಾರೆ. ಬಾಡಿಗೆ ಖೋಲಿಯ ಮಾಳಿಗೆ ಯಾರದು? ಇರುವವನು ನೀನು, ನೀನೇ ಮಣ್ಣು ಹಾಕಿಸಿಕೊ ಎಂದು ಮಾಲೀಕರು ಹೇಳುತ್ತಾರೆ. ಬಾಡಿಗೆಯವರು ಗಿರಣಿಯ ಹಮಾಲರು, ಹತ್ತಿ ಆರಿಸುವ ಹೆಂಗಸರು, ಅಬ್ಬಿಗೇರಿ, ಅಸೂಟಿ ಊರುಗಳ ಕಡೆಯಿಂದ ಕೂಲಿ ಹುಡುಕಿ ಬಂದವರು. ಯಾವಾಗ ಬಿಡು ಎನ್ನುತ್ತಾರೋ ಗೊತ್ತಿಲ್ಲದ ಮನೆಗೆ ಅವರು ಯಾವ ಧೈರ್ಯದ ಮೇಲೆ ಮಣ್ಣು ಹೊರಬೇಕು? ಹೀಗೆ ಯಾರೂ ತಮ್ಮದೆನ್ನದ ಮಾಳಿಗೆಗಳನ್ನು ಈಗ ಹತ್ತು ವರ್ಷದಿಂದ ಹೊಳೆವ್ವ ನೋಡಿಕೊಳ್ಳುತ್ತಿದ್ದಾಳೆ. ಆಕೆಗೆ ಹೀಗೆ ಮಾಡೆಂದು ಯಾರೂ ಹೇಳಿಲ್ಲ.

ಇದಕ್ಕೆ ಆಕೆ ಪಡೆಯುವ ಪ್ರತಿಫಲದ ರೀತಿಯೂ ಬೇರೆ. ಹತ್ತಿಯ ಹಂಗಾಮು ಮುಗಿದು ಗಿರಣಿ ಬಾಗಿಲು ಹಾಕುವುದು ಮುಂಗಾರಿನ ಹೊತ್ತಿಗೆ. ಕೂಲಿ ನಿಂತಾಗ ಬಾಡಿಗೆಯೂ ನಿಲ್ಲುತ್ತದೆ. ಬಾಡಿಗೆ ನಿಂತವರನ್ನು ಹೊರಗೆ ಹಾಕುವುದು ಸರಿಯಾಗಿ ಮಳೆ ಹಿಡಿದ ದಿನಗಳಲ್ಲಿ. ಹೊಳೆವ್ವ ಮಾಲೀಕರ ದೊಡ್ಡ ಮನೆಗೆ, ವಾಡೆಗೆ ಹೋಗಿ ಒಂದೇ ಮಾತು ಕೇಳುತ್ತಾಳೆ. "ನಿಮ್ಮ ವಾಡೇದ ಮಾಳಿಗಿ ನಾ ಮಾಡಿಕೊಡ್ತೀನ್ರಿ. ಖೋಲಿ ಮಾಳಿಗೀನೂ ಮಾಡ್ತೀನಿ. ಕೂಲಿ ಬ್ಯಾಡ. ಗಿರಣಿ ಚಾಲೂ ಆಗೂಮಟಾ ಆ ಮಂದೀನ್ನ ಬಿಡಸಬ್ಯಾಡ್ರಿ." ತನ್ನ ಹೊಟ್ಟೆಗೆ ಆಕೆ ಉಳಿದ ದಿನಗಳಲ್ಲಿ ಹೊಲದ ಕೂಲಿಗೆ ಹೋಗುತ್ತಾಳೆ. ಹೀಗೆ ಈ ಓಣಿಯ ಎಷ್ಟು ಸಂಸಾರಗಳು ಎಷ್ಟು ಮಳೆಗಾಲ ಕಳೆದಿವೆ ಎಂದು ಕೇಳಿದರೆ ಆಕೆಗೆ ನೆನಪಿಲ್ಲ. "ಇದ್ರು, ಹೋದ್ರು, ಮತ್ತ ಬಂದ್ರು. ಯಾರು ಲೆಕ್ಕಾ ಇಡ್ತಾರ್ರೀ?" ಎನ್ನುತ್ತಾಳೆ.

ಬಾಡಿಗೆದಾರರನ್ನು ಕಾಯುವ ಕಾಯ್ದೆ ಮುಂಬಯಿ ಸರ್ಕಾರದ ಕಾಲದಲ್ಲೇ ಬಂದಿದೆ ಎನ್ನುತ್ತಾರೆ. ನಾವೀಗ ಮೈಸೂರು ರಾಜ್ಯಕ್ಕೆ ಸೇರಿ ಮೂರನೆಯ ವರ್ಷ ನಡೆದಿದೆ. ಗಿರಣಿ ಹಿಂದಿನ ಓಣಿಗೆ ಯಾವ ಕಾಲದ ಕಾಯ್ದೆಯೂ ಬಂದ ಗುರುತಿಲ್ಲ.

ಮಣ್ಣಿನ ಗಾಡಿ ಬಂತು. ಹಳ್ಳದಿಂದ ಸವಳು ತರುವವನು ಟಿಪ್ಪುಸಾಬ, ನರೆತ ಗಡ್ಡದ, ಮಾತು ಕಡಿಮೆಯ ಗಾಡಿಕಾರ. ಗಾಡಿ ನಿಲ್ಲಿಸಿ ಬುಟ್ಟಿ ತುಂಬಿ ಏಣಿಯ ಅರ್ಧಕ್ಕೆ ಹತ್ತಿ ಎತ್ತಿ ಕೊಡುತ್ತಾನೆ; ಮೇಲಿಂದ ಹೊಳೆವ್ವ ಬಗ್ಗಿ ತೆಗೆದುಕೊಳ್ಳುತ್ತಾಳೆ. ಐವತ್ತು ದಾಟಿದ ಹೆಂಗಸು. ಎಡ ಮೊಣಕೈ ಪೂರ್ತಿ ಚಾಚುವುದಿಲ್ಲ. ಒಮ್ಮೆ ಕೊಳೆತ ಜಂತಿಯ ನಡುವೆ ಕಾಲು ಇಳಿದು ಬಿದ್ದಾಗ ಮುರಿದದ್ದು, ನೆಟ್ಟಗೆ ಕೂಡಲಿಲ್ಲ. ಬುಟ್ಟಿಯನ್ನು ಬಲಗೈಯಲ್ಲಿ ಹಿಡಿದು ಸೊಂಟಕ್ಕೆ ಆನಿಸಿಕೊಂಡು ಎಳೆಯುತ್ತಾಳೆ. ಇಬ್ಬರೂ ಗಾಡಿ ಖಾಲಿ ಮಾಡುತ್ತಾರೆ.

ಬಿಸಿಲು ಚುರುಗುಟ್ಟಿದ ಮೇಲೆ ಹೊಳೆವ್ವ ಕೆಳಗಿಳಿದು, ತನ್ನ ಖೋಲಿಯ ಮುಂದಿನ ಕಟ್ಟೆಯ ಮೇಲೆ ಕೂತು, ಒಣಗಿ ಗಟ್ಟಿಯಾದ ಖಟಿ ರೊಟ್ಟಿಯನ್ನು ಪುಂಡಿಪಲ್ಯದಲ್ಲಿ ಅದ್ದಿ ತಿನ್ನುತ್ತಾಳೆ. ಕಾಲಿಗೆ ಮೆತ್ತಿದ ಮಣ್ಣು ಒಣಗಿ ಬೆಳ್ಳಗಾಗಿದೆ. ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ನಾನು ಕೇಳಿದಾಗ ಆಕೆ ರೊಟ್ಟಿ ಮುರಿಯುತ್ತಲೇ ಹೇಳತೊಡಗುತ್ತಾಳೆ.

ಹೊಳೆವ್ವ ಅಸೂಟಿಯ ಮಗಳು. ಗಂಡ ಕರೆಪ್ಪನೂ ಅದೇ ಊರಿನವನು. ತುಂಡು ಹೊಲ ಅಣ್ಣತಮ್ಮಂದಿರ ಪಾಲಿನಲ್ಲಿ ಕರಗಿದ ಮೇಲೆ ಗಂಡಹೆಂಡತಿ ರೋಣಕ್ಕೆ ಬಂದರು. ಕರೆಪ್ಪನಿಗೆ ಗಿರಣಿಯಲ್ಲಿ ಹತ್ತಿಯ ಮೂಟೆ, ಅಂಡಿಗೆ ಹೊರುವ ಕೆಲಸ ಸಿಕ್ಕಿತು. ಪೇಟೆಯ ಹಿಂಬದಿಯಲ್ಲಿ ಒಂದು ಖೋಲಿ ಬಾಡಿಗೆಗೆ ಸಿಕ್ಕಿತು. ಅವರಿಗೆ ಒಬ್ಬಳೇ ಮಗಳು, ನೀಲವ್ವ.

"ಮಾಳಿಗಿ ಸೋರ್ತಿತ್ರಿ. ನಮ್ಮನ್ಯಾವ್ರು ಎರಡ ಸಲ ಮಾಲಕರ ಹಂತ್ಯಾಕ ಹೋಗಿ ಹೇಳಿ ಬಂದ್ರು. ಸೇರದಿದ್ರ ಬಿಟ್ಟು ಹೋಗ್ರಿ ಅಂದ್ರಂತ. ಎಲ್ಲಿಗೆ ಹೋಗೂದು? ಊರಾಗ ಬ್ಯಾರೆ ಖೋಲಿ ಇದ್ದಿಲ್ಲ. ಇದ್ದದ್ದು ನಮಗ ಕೊಡವಲ್ರು. ನಾವ ಮಣ್ಣು ಹಾಕೋಣು ಅಂದೆ ನಾನು. ಅವರ ಮನಿಗೆ ನಾವ್ಯಾಕ ಹಾಕೂದು ಅಂದ್ರು ನಮ್ಮನ್ಯಾವ್ರು. ಅವರದೂ ತಪ್ಪಲ್ರಿ ಅದು."

ಹತ್ತು ವರ್ಷದ ಹಿಂದಿನ ಶ್ರಾವಣ ಅದು. ಜಡಿಮಳೆ ಹಿಡಿದು ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ತುಸು ಹೊಳವಾಯಿತೆಂದು ಹೊಳೆವ್ವ ಕಳೆ ಕೀಳುವ ಕೂಲಿಗೆ ಹೋದಳು. ನೀಲವ್ವನಿಗೆ ಮೈಬಿಸಿಯಿತ್ತು. ಹೊರಗೆ ಹೋಗಬೇಡ, ಗೋಡೆಗೆ ಒತ್ತಿ ಬೆಚ್ಚಗೆ ಮಲಗು ಎಂದು ಕೌದಿ ಹೊದಿಸಿ ಹೋಗಿದ್ದಳು. ಸಂಜೆ ಬರುವಾಗ ಓಣಿಯ ತುಂಬ ಜನ ನಿಂತಿದ್ದರು. ಕರೆಪ್ಪ ಬರಿಗೈಯಲ್ಲಿ ಮಣ್ಣು ತೋಡುತ್ತಿದ್ದ. ಒಳಗೋಡೆ ತೊಲೆಯ ಸಮೇತ ಕೂತುಬಿಟ್ಟಿತ್ತು.

"ಗ್ವಾಡಿಗೆ ಒತ್ತಿ ಮಲಗು ಅಂತ ನಾನ ಹೇಳಿದ್ದೆ," ಎನ್ನುತ್ತಾಳೆ ಹೊಳೆವ್ವ. ಎದ್ದು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ನನ್ನ ಮುಂದೆ ಇಡುತ್ತಾಳೆ.

ಕರೆಪ್ಪ ಆಮೇಲೆ ಗಿರಣಿಗೆ ಹೋಗಲಿಲ್ಲ. ಅಸೂಟಿಗೆ ಮರಳಿ, ಅಣ್ಣನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಆನಿಸದೆ ನಟ್ಟನಡುವೆ ಕೂತಿರುತ್ತಿದ್ದನಂತೆ. ಮೂರನೆಯ ವರ್ಷ ತೀರಿಕೊಂಡ. ಹೊಳೆವ್ವ ಮೊದಲು ಅವನ ಜೊತೆಗೇ ಊರಿಗೆ ಹೋಗಿದ್ದಳು, ಅಲ್ಲಿ ನಿಲ್ಲಲಾಗದೆ ಕೆಲವೇ ತಿಂಗಳಲ್ಲಿ ರೋಣಕ್ಕೆ ವಾಪಸು ಬಂದಳು. ಬಂದವಳು ಆ ಹಳೆಯ ಖೋಲಿಯ ಮುಂದೆ ಹಾದುಹೋಗುವಾಗ ನೋಡುತ್ತಾಳೆ: ಬಿದ್ದ ಗೋಡೆ ಎದ್ದಿದೆ, ಬಾಗಿಲಲ್ಲಿ ಹೊಸ ಬಾಡಿಗೆಯವರ ರಂಗೋಲಿ ಇದೆ, ಎಳೆಗೂಸನ್ನು ಎದೆಗೆ ಹಾಕಿಕೊಂಡ ಹೆಂಗಸೊಬ್ಬಳು ಹೊಸ್ತಿಲ ಮೇಲೆ ಕೂತಿದ್ದಾಳೆ. ತಲೆ ಎತ್ತಿ ನೋಡಿದರೆ ಬಿದ್ದಷ್ಟು ಭಾಗ ಮಾತ್ರ ಹೊಸದು. ಉಳಿದ ಮಾಳಿಗೆಯ ಮೇಲೆ ಹಿಂದಿನ ವರ್ಷದ ಹುಲ್ಲು ಹಾಗೆಯೇ ಒಣಗಿ ನಿಂತಿದೆ.

ಮರುದಿನ ನಸುಕಿನಲ್ಲಿ ಹೊಳೆವ್ವ ಹಳ್ಳಕ್ಕೆ ಹೋಗಿ ಸವಳು ತುಂಬಿಕೊಂಡು ಬಂದು, ಯಾರನ್ನೂ ಕೇಳದೆ ಆ ಮಾಳಿಗೆ ಹತ್ತಿದಳು. ತಲೆಯ ಮೇಲೆ ಬುಟ್ಟಿ ಹೊತ್ತು ದಿನವಿಡೀ ಓಡಾಡಿದಳು. ಮಧ್ಯಾಹ್ನ ಮಾಲೀಕರ ಆಳು ಬಂದು ಕೂಗಾಡಿದ. "ಯಾರ ಹೇಳಿದ್ರು ನಿನಗ? ಇಳಿ ಕೆಳಗ!"

"ಯಾರೂ ಹೇಳಿಲ್ರಿ. ಒಳಗ ಕೂಸೈತಿ," ಎಂದಳಂತೆ. ಆಳು ಬಂದ ದಾರಿಯಲ್ಲೇ ಹೊರಟುಹೋದ.

ಆ ಮಾಲೀಕರ ಹೆಸರು ಹೇಳಲು ಆಕೆ ಒಪ್ಪುವುದಿಲ್ಲ. "ಹೋಗ್ಲಿ ಬಿಡ್ರಿ. ಅವರೂ ಹೋದ್ರು."

ಹೀಗೆ ಶುರುವಾದ ಕೆಲಸ ಓಣಿಯಿಂದ ಓಣಿಗೆ ಹಬ್ಬಿತು. ಪೇಟೆಯ ಹತ್ತಿ ವ್ಯಾಪಾರಿ ಅಜ್ಜಪ್ಪನವರು ಆಕೆಯ ಕೈಗುಣ ನೋಡಿ ತಮ್ಮ ವಾಡೆಯ ಮಾಳಿಗೆಗೂ ಕರೆಸಿದರು. ಗಿರಣಿ ಹಿಂದಿನ ಖೋಲಿಗಳ ಸಾಲು ಅವರದೇ. ಕೂಲಿ ಬೇಡ, ಮಳೆಗಾಲದಲ್ಲಿ ಬಾಡಿಗೆಯವರನ್ನು ಬಿಡಿಸಬೇಡಿ ಎಂಬ ಕರಾರನ್ನು ಆಕೆ ಮೊದಲು ಮಾಡಿಕೊಂಡಿದ್ದು ಅವರ ಜೊತೆ. ಅಜ್ಜಪ್ಪನವರು ಕಡೆಯವರೆಗೂ ಅದನ್ನು ನಡೆಸಿದರು. ಅವರನ್ನು ನೋಡಿ ಇನ್ನೂ ಕೆಲವರು ಒಪ್ಪಿದರು. ಅವರು ತೀರಿದ ಮೇಲೆ ವ್ಯವಹಾರ ಮಗ ತೋಟಪ್ಪನ ಕೈಗೆ ಬಂತು. ಆ ಮೇಲಿನ ಮೊದಲ ಮುಂಗಾರಿನಲ್ಲಿ, ಎರಡು ವರ್ಷದ ಹಿಂದೆ, ನಡೆದದ್ದನ್ನು ಹೇಳದೆ ಹೊಳೆವ್ವನ ಕತೆ ಪೂರ್ತಿಯಾಗುವುದಿಲ್ಲ.

ಆ ಸಾಲಿನ ಕಡೆಯ ಖೋಲಿಯಲ್ಲಿ ಸಕ್ಕೂಬಾಯಿ ಎಂಬಾಕೆ ಇದ್ದಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ವರ್ಷಗಟ್ಟಲೆ ಗಿರಣಿಯಲ್ಲಿ ಹತ್ತಿ ಆರಿಸಿ, ಅದರ ಧೂಳು ಕುಡಿದು, ದಮ್ಮು ಹತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಕೂರಬೇಕು. ಆದರೂ ನಗಿಸುವ ಬಾಯಿ. ಹೊಳೆವ್ವ ಮಾಳಿಗೆಯ ಮೇಲಿದ್ದಾಗ ಬೆಳಕಿಂಡಿಯ ಕೆಳಗೆ ನಿಂತು, "ಏ ಹೊಳಿ, ಮ್ಯಾಲಿಂದ ದೇವ್ರು ಕಾಣ್ತಾನೇನ? ಕಂಡ್ರ ನನಗೊಂದೀಟು ಉಸರು ಕಳಸಂತ ಹೇಳು," ಎಂದು ಕೂಗುತ್ತಿದ್ದಳಂತೆ. ಹೊಳೆವ್ವನಿಗೆ ಊರಿನಲ್ಲಿ ಗೆಳತಿ ಎಂದು ಇದ್ದವಳು ಅವಳೊಬ್ಬಳೇ.

ಆ ವರ್ಷ ಸಕ್ಕೂಬಾಯಿಗೆ ಗಿರಣಿಗೆ ಹೋಗಲು ಆಗಲೇ ಇಲ್ಲ. ಬಾಡಿಗೆ ನಿಂತು ಬಹಳ ದಿನವಾಗಿತ್ತು. ಹೊಳೆವ್ವ ತೋಟಪ್ಪನ ಬಳಿ ಹೋಗಿ, ವಾಡೆಯ ಇಡೀ ಮಾಳಿಗೆಯನ್ನು ಕೆರೆದು ಹೊಸದಾಗಿ ಮಾಡಿಕೊಡುತ್ತೇನೆ, ಸಕ್ಕೂಬಾಯಿಯನ್ನು ಹಂಗಾಮು ಬರುವತನಕ ಇರಗೊಡಿ ಎಂದು ಕೇಳಿದಳು. ತೋಟಪ್ಪ ತೂಕದ ತಕ್ಕಡಿಯಿಂದ ಕಣ್ಣು ತೆಗೆಯದೆ "ಹೂಂ" ಎಂದ.

ಮೃಗಶಿರಾ ಮಳೆ ಇನ್ನೇನು ಬರಬೇಕು. ವಾಡೆ ದೊಡ್ಡದು, ಕೆಲಸ ದಿನಗಟ್ಟಲೆ ನಡೆಯಿತು. ಕೊನೆಗೆ ಉಳಿದದ್ದು ಒಳಕೋಣೆಯ ಮೇಲಿನ ಭಾಗ. ಅಲ್ಲಿ ತೋಟಪ್ಪನ ಹೆಂಡತಿ ಕಲ್ಲವ್ವ ಹಸಿ ಬಾಣಂತಿ. ತವರು ಶಿರೋಳದಲ್ಲಿ ಆಗ ಸಾವಿನ ಮನೆಯಾದ್ದರಿಂದ ಗಂಡನ ಮನೆಯಲ್ಲೇ ಬಾಣಂತನ ನಡೆದಿತ್ತು. ಹೊಳೆವ್ವ ಆ ಭಾಗದ ಹಳೆಯ ಮಣ್ಣನ್ನೆಲ್ಲ ಕೆರೆದು ತೆಗೆದು, ಹೊಸ ಮಣ್ಣಿಗಾಗಿ ಕಾಯುತ್ತಿದ್ದಳು. ವಾಡೆ ಎತ್ತರದ್ದು, ಅಲ್ಲಿಂದ ಗಿರಣಿ ಹಿಂದಿನ ಓಣಿ ಚೆನ್ನಾಗಿ ಕಾಣುತ್ತದೆ. ಕಡೆಯ ಖೋಲಿಯಿಂದ ಇಬ್ಬರು ಹಮಾಲರು ಏನೇನೋ ಹೊತ್ತು ತಂದು ಬೀದಿಗೆ ಇಡುವುದು ಕಂಡಿತು. ಬೀಸುವ ಕಲ್ಲು, ಎರಡು ಕೊಡ, ತಗಡಿನ ಪೆಟ್ಟಿಗೆ, ಕೌದಿಯ ಸುರುಳಿ. ಆಮೇಲೆ ಸಕ್ಕೂಬಾಯಿ ಗೋಡೆ ಹಿಡಿದುಕೊಂಡು ಬಂದು, ಕೌದಿಯ ಮೇಲೆ ಕೂತು, ಎದೆಯ ಮೇಲೆ ಕೈ ಇಟ್ಟುಕೊಂಡಳು.

ಹೊಳೆವ್ವ ಏಣಿ ಇಳಿದು ಮಣ್ಣು ಮೆತ್ತಿದ ಕಾಲಲ್ಲೇ ಪೇಟೆಗೆ ಓಡಿದಳು.

"ಏನ್ರಿ ಇದು? ಇರಲಿ ಅಂತ ಒಪ್ಪಿದ್ರಲ್ಲಾ?"

"ಹತ್ತಿಕಾಳಿಗೆ ಜಾಗ ಬೇಕಾಗೈತಿ. ಮಳಿ ಬಂದ್ರ ಮಾಲು ಹೊರಗಿಡಲೇನು?"

"ನೀವು ಮಾತು ಕೊಟ್ಟಿದ್ರಿ."

"ಹೂಂ ಅಂದಿದ್ದೆ. ಮಾತು ಎಲ್ಲಿ ಕೊಟ್ಟೆ? ನಿನ್ನ ಕೆಲಸಕ್ಕ ಕೂಲಿ ಕೊಡ್ತೀನಿ, ತಗೊಂಡು ಹೋಗು. ಬಾಕಿ ನನಗ ಹೇಳಬ್ಯಾಡ."

ಹೊಳೆವ್ವ ಮರಳಿ ವಾಡೆಯ ಹಿಂದೆ ಬಂದಾಗ ಟಿಪ್ಪುಸಾಬ ಮಣ್ಣಿನ ಗಾಡಿ ಹೊಡೆದುಕೊಂಡು ಬಂದು ನಿಂತಿದ್ದ. ದಾರಿಯಲ್ಲಿ ಎಲ್ಲವನ್ನೂ ನೋಡಿಕೊಂಡೇ ಬಂದಿದ್ದ. ಪಡುವಣದಲ್ಲಿ ಮೋಡ ಕಪ್ಪಿಟ್ಟು ಏಳುತ್ತಿತ್ತು.

"ಹತ್ತಬ್ಯಾಡ ಯವ್ವಾ," ಎಂದ ಟಿಪ್ಪುಸಾಬ. "ಬಿಟ್ಟು ನಡಿ. ಇವತ್ತು ಮಳಿ ಬರ್ತೈತಿ. ಮನಿ ತುಂಬ ನೀರು ನಿಂತ್ರ ತಾನ ಖೋಲಿ ಕೊಡ್ತಾನ."

ಹೊಳೆವ್ವ ಏಣಿಯ ಬುಡದಲ್ಲಿ ಕೂತಳು. ಟಿಪ್ಪುಸಾಬ ಹೇಳಿದ್ದು ಸುಳ್ಳಲ್ಲ. ಅವಳ ಕೈಯಲ್ಲಿ ಇದ್ದ ಬಲ ಅದೊಂದೇ. ಒಂದು ಸಂಜೆ ಸುಮ್ಮನೆ ಮನೆಗೆ ಹೋದರೆ ಸಾಕಿತ್ತು. ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ಗೋಡೆಯ ಆಚೆ, ಹತ್ತಿರದಲ್ಲೇ.

"ಮ್ಯಾಲ ಬರೇ ಜಂತಿ ಮ್ಯಾಲಿನ ಸೊಪ್ಪಿತ್ರಿ. ಮಣ್ಣು ನಾನ ತಗದಿದ್ದೆ," ಎನ್ನುತ್ತಾಳೆ ಹೊಳೆವ್ವ. "ಮಳಿ ಹೊಡದಿದ್ರ ಆ ಹಸಿ ಬಾಣಂತಿ ಮ್ಯಾಲ, ಕೂಸಿನ ಮ್ಯಾಲ ಬೀಳ್ತಿತ್ತು. ತೋಟಪ್ಪನ ಮ್ಯಾಲ ಬೀಳ್ತಿದ್ದಿಲ್ಲ."

ಆಕೆ ಎದ್ದು ಏಣಿ ಹತ್ತಿದಳು. ಟಿಪ್ಪುಸಾಬ ಏನೋ ಗೊಣಗಿ ಬುಟ್ಟಿ ತುಂಬತೊಡಗಿದ. ಅತ್ತ ಓಣಿಯ ಹೆಂಗಸರು ಸಕ್ಕೂಬಾಯಿಯ ಸಾಮಾನನ್ನು ಒಂದೊಂದಾಗಿ ಹೊಳೆವ್ವನ ಖೋಲಿಗೆ ಸಾಗಿಸುವುದು ಮಾಳಿಗೆಯಿಂದ ಕಾಣುತ್ತಿತ್ತು. ಅತ್ತ ನೋಡುತ್ತ, ಇತ್ತ ಮಣ್ಣು ಹಾಸುತ್ತ, ಬಡಿಯುತ್ತ, ಕೊನೆಯ ಮೂಲೆ ಮುಗಿಸುವ ಹೊತ್ತಿಗೆ ದಪ್ಪ ಹನಿಗಳು ಬೀಳತೊಡಗಿದವು. ಆ ಸಂಜೆ ಸುರಿದಂಥ ಮಳೆ ಆ ವರ್ಷ ಮತ್ತೆ ಬರಲಿಲ್ಲ ಎಂದು ಓಣಿಯವರು ಹೇಳುತ್ತಾರೆ.

ಕೂಲಿಯನ್ನು ಹೊಳೆವ್ವ ತೆಗೆದುಕೊಳ್ಳಲಿಲ್ಲ. ಯಾಕೆ ಎಂದರೆ, "ತಗೊಂಡಿದ್ರ ಸಕ್ಕೂನ ಖೋಲಿ ನಾನ ಮಾರಿದಂಗ ಆಗ್ತಿತ್ತಲ್ರಿ?" ಎಂದು ನನ್ನನ್ನೇ ಕೇಳುತ್ತಾಳೆ.

ಗೆಳತಿಯರಿಬ್ಬರೂ ಒಂದೇ ಖೋಲಿಯಲ್ಲಿ ಇದ್ದದ್ದು ಹದಿನೈದು ದಿನವೂ ಆಗಿರಲಿಕ್ಕಿಲ್ಲ. ಹೊಳೆವ್ವನ ಖೋಲಿಯೂ ಬಾಡಿಗೆಯದೇ, ಬೇರೊಬ್ಬರದು. ಒಬ್ಬಳಿಗೆಂದು ಕೊಟ್ಟದ್ದು, ಇಬ್ಬರಿರುವುದಾದರೆ ನೀನೂ ಬಿಡು ಎಂದು ಆ ಮಾಲೀಕರು ಬಾಗಿಲಲ್ಲಿ ನಿಂತು ಹೇಳಿ ಹೋದರು. ಹೊಳೆವ್ವ ಕೂಲಿಗೆ ಹೋದ ಒಂದು ದಿನ ಸಕ್ಕೂಬಾಯಿ ತಗಡಿನ ಪೆಟ್ಟಿಗೆ ಎತ್ತಿಸಿಕೊಂಡು, ಯಾರಿಗೂ ಹೇಳದೆ, ಗಜೇಂದ್ರಗಡದ ಮೋಟಾರು ಹತ್ತಿದಳು. ಅಲ್ಲಿ ಅವಳ ತಂಗಿಯನ್ನು ನೇಕಾರರ ಮನೆಗೆ ಕೊಟ್ಟಿದ್ದರು.

ಹೊಳೆವ್ವ ಹುಡುಕಿಕೊಂಡು ಹೋದಾಗ ಶ್ರಾವಣ ಬಂದಿತ್ತು. ತಂಗಿಯ ಮನೆಯೂ ಬಾಡಿಗೆಯದು, ಒಂದೇ ಅಂಕಣ. ಮಗ್ಗದ ಕುಣಿ, ನೂಲಿನ ಹಾಸು, ಮಕ್ಕಳು, ಒಲೆ ಎಲ್ಲ ಅದರಲ್ಲೇ. ಸಕ್ಕೂಬಾಯಿಗೆ ಸಿಕ್ಕಿದ್ದು ಹೊರಗಿನ ಕಟ್ಟೆ. ತಂಗಿ ಇರಚಲು ತಡೆಯಲೆಂದು ಗೋಣಿತಾಟು ಇಳಿಬಿಟ್ಟಿದ್ದಳು. ಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಅದು ಒದ್ದೆಯಾಗಿ ಬಡಿದುಕೊಳ್ಳುತ್ತಿತ್ತು. ಅದರ ಮರೆಯಲ್ಲಿ ಮಲಗಿದ ಸಕ್ಕೂಬಾಯಿ ಎಲುಬಾಗಿದ್ದಳು.

"ನಡಿ, ಊರಿಗೆ ಹೋಗೋಣು," ಎಂದಳು ಹೊಳೆವ್ವ.

"ನಿನ್ನನ್ನೂ ಬೀದಿಗೆ ಹಾಕಸ್ಲೇನ? ಇಲ್ಲೇ ಚಲೋ ಐತಿ. ಗಾಳಿ ಐತಿ. ನನಗ ಗಾಳೀನ ಕಡಿಮಿ ಇತ್ತಲ್ಲ?" ಎಂದು ಸಕ್ಕೂಬಾಯಿ ನಗಲು ಹೋಗಿ ಕೆಮ್ಮಿದಳು. ದಮ್ಮು ನಿಂತ ಮೇಲೆ ಹೊಳೆವ್ವನ ಕೈ ಹಿಡಿದು, "ಮಳಿ ನಿಂತ ಮ್ಯಾಲ ಬರ್ತೀನಿ. ಅಷ್ಟೊತ್ತಿಗೆ ಎಲ್ಲೆರೆ ಒಂದು ಖೋಲಿ ನೋಡಿಡು," ಎಂದಳು.

ಹೊಳೆವ್ವ ಊರಿಗೆ ಬಂದು ಖೋಲಿ ಹುಡುಕಿದಳು. ಮಾಳಿಗೆ ಮಾಡಿಕೊಟ್ಟ ಮನೆಗಳ ಬಾಗಿಲಿಗೆಲ್ಲ ಹೋದಳು. ರೋಗದವಳು ಬೇಡ ಎಂದವರೇ ಹೆಚ್ಚು. ಕೊನೆಗೆ ಟಿಪ್ಪುಸಾಬ ತನ್ನ ಎತ್ತಿನ ಕೊಟ್ಟಿಗೆಯ ಒಂದು ಭಾಗಕ್ಕೆ ತಟ್ಟಿ ಕಟ್ಟಿಕೊಡಲು ಒಪ್ಪಿದ. ಹೊಳೆವ್ವ ನೆಲ ಸಾರಿಸಿ, ಮೇಲೆ ಮಣ್ಣು ಹಾಕಿ, ಒಲೆಯನ್ನೂ ಹೂಡಿದಳು. ಒಲೆ ಒಣಗುವ ಮುನ್ನವೇ ಗಜೇಂದ್ರಗಡದಿಂದ ಸುದ್ದಿ ಬಂತು.

ತೋಟಪ್ಪನನ್ನು ನಾನು ಪೇಟೆಯ ಅಂಗಡಿಯಲ್ಲಿ ಕಂಡೆ. ಕೂರಿಸಿ ಚಹಾ ತರಿಸಿದ. ಒರಟ ಎನ್ನುವಂತಿಲ್ಲ. "ಖೋಲಿ ನಂದು, ಮಾಲು ನಂದು. ನಾ ಯಾರ್ನೂ ಹೊಡದಿಲ್ಲ, ಬೈದಿಲ್ಲ. ಅಕಿ ಜಡ್ಡಿನಿಂದ ಸತ್ಲು, ಅದಕ್ಕ ನಾ ಏನ ಮಾಡ್ಲಿ?" ಎಂದ. ಚಹಾದ ಬಟ್ಟಲು ಬದಿಗಿಟ್ಟು, "ನಮ್ಮಪ್ಪ ಇದ್ದಿದ್ರ ಬ್ಯಾರೆ ಮಾಡ್ತಿದ್ದ. ಅದು ಗೊತ್ತೈತಿ ನನಗ," ಎಂದು ಬೇರೆ ಗಿರಾಕಿಯ ಕಡೆ ತಿರುಗಿದ.

ಕಲ್ಲವ್ವ ವಾಡೆಯ ಹಿತ್ತಲಲ್ಲಿ ಮಾತಿಗೆ ಸಿಕ್ಕಳು. ಆಗಿನ ಕೂಸು ಈಗ ಅವಳ ಸೀರೆಯ ನೆರಿಗೆ ಹಿಡಿದು ನಿಂತಿದೆ. "ಅವತ್ತು ಮ್ಯಾಲ ಬಡಿಯೂ ಸಪ್ಪಳ ಕೇಳ್ತಿತ್ರಿ. ಕತ್ತಲಾದ್ರೂ ಬಿಡವಲ್ಲಳು ಅನಕೊಂಡೆ. ಮಳಿ ಬಂತು, ಒಂದ ಹನಿ ಒಳಗ ಬೀಳಲಿಲ್ಲ. ಯಾಕ ಬಡೀತಿದ್ಲು, ಏನ ನೋಡಕೋತ ಬಡೀತಿದ್ಲು ಅಂತ ಗೊತ್ತಾಗಿದ್ದು ಸಕ್ಕೂಬಾಯಿ ಸತ್ತ ಮ್ಯಾಲ."

ಗೊತ್ತಾದ ದಿನ ಕಲ್ಲವ್ವ ಕೂಸನ್ನು ಎತ್ತಿಕೊಂಡು ಶಿರೋಳಕ್ಕೆ ಹೋದಳು. ಗಂಡ ಕರೆಯಲು ಬಂದಾಗ, ಮಳೆಗಾಲದಲ್ಲಿ ಆ ಸಾಲಿನ ಯಾರನ್ನೂ ಬಿಡಿಸುವುದಿಲ್ಲ ಎಂದು ತನ್ನ ತಂದೆಯ ಎದುರಿಗೆ ಬಾಯಿಬಿಟ್ಟು ಹೇಳಿದರೆ ಬರುತ್ತೇನೆ, ಬರೀ ಹೂಂ ಎಂದರೆ ಬರುವುದಿಲ್ಲ ಎಂದಳು. ಎರಡು ಸಲ ಬರಿಗೈಯಲ್ಲಿ ಮರಳಿದ ತೋಟಪ್ಪ ಮೂರನೆಯ ಸಲ ಹೇಳಿದ. ಆ ಮಾತು ಈವರೆಗೆ ನಡೆದಿದೆ. ಕಡೆಯ ಖೋಲಿಯನ್ನು ಮಾತ್ರ ಆತ ಬಿಟ್ಟುಕೊಡಲಿಲ್ಲ. ಅದರಲ್ಲಿ ಹತ್ತಿಕಾಳು ತುಂಬಿದೆ.

ಹೊಳೆವ್ವ ಸಾಲಿನ ಎಲ್ಲ ಮಾಳಿಗೆಗಳನ್ನೂ ಮಾಡುತ್ತಾಳೆ, ಆ ಒಂದರ ಮೇಲೆ ಕಾಲಿಡುವುದಿಲ್ಲ. ಹೋದ ಮಳೆಗಾಲದಲ್ಲಿ ಅದು ಸೋರಿ, ಒಳಗಿನ ಹತ್ತಿಕಾಳು ಮೊಳಕೆಯೊಡೆದು, ಬಾಗಿಲ ಸಂದಿಯಿಂದ ಬೆಳ್ಳನೆಯ ಕುಡಿಗಳು ಹೊರಗೆ ಇಣುಕಿದ್ದವು. ಓಣಿಯೆಲ್ಲ ನೋಡಲು ಬಂದು ನಕ್ಕಿತು. "ನನಗ ನಗು ಬರಲಿಲ್ರಿ," ಎನ್ನುತ್ತಾಳೆ ಹೊಳೆವ್ವ. "ಒಂದು ಸಂಸಾರ ಇರೂ ಜಾಗಾ ಅದು."

ಆ ಸಂಜೆ ಮಾಳಿಗೆ ಬಿಟ್ಟು ಇಳಿದಿದ್ದರೆ ಎಂದು ಈಗ ಅನ್ನಿಸುವುದಿಲ್ಲವೇ? ಕೇಳಬಾರದಿತ್ತೋ ಏನೋ. ಕೇಳಿಬಿಟ್ಟೆ.

"ಅನಸ್ತೈತ್ರಿ. ಬಿಟ್ಟು ಹೋಗಿದ್ರ ತೋಟಪ್ಪ ಖೋಲಿ ಕೊಡ್ತಿದ್ದ, ಸಕ್ಕೂ ಇರ್ತಿದ್ಲು ಅನಸ್ತೈತಿ. ಮತ್ತ ಆ ಕೂಸು ಅತ್ತಿದ್ದು ಕಿವ್ಯಾಗ ಬರ್ತೈತಿ. ಎರಡೂ ಬರ್ತಾವು. ಒಂದಿನ ಇದು, ಒಂದಿನ ಅದು." ಕಾಲ ಮೇಲಿನ ಒಣಮಣ್ಣನ್ನು ಉಗುರಿನಿಂದ ಕೆರೆಯುತ್ತಾಳೆ. "ಕಲ್ಲವ್ವ ಶಿರೋಳಕ್ಕ ಹೋಗಿದ್ದು ಚಲೋ ಮಾಡಿದ್ಲು. ಒಂದು ಮಳಿಗಾಲ ಮೊದಲ ಆಗಿದ್ರ..."

ನಾನು ಹೊರಡುವ ಹೊತ್ತಿಗೆ ಬಿಸಿಲು ಇಳಿದಿದೆ. ಟಿಪ್ಪುಸಾಬನ ಗಾಡಿ ಮತ್ತೆ ಬಂದಿದೆ. ಹೊಳೆವ್ವ ಸೆರಗು ಸುತ್ತಿಕೊಂಡು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದಾಳೆ. ಇಷ್ಟು ಮನೆಗಳಿಗೆ ಮಣ್ಣು ಹೊತ್ತವರು ನೀವು, ನಿಮಗೊಂದು ಸ್ವಂತ ಮನೆ ಬೇಕೆನಿಸುವುದಿಲ್ಲವೇ ಎಂದೆ.

"ನನಗ್ಯಾಕ್ರಿ ಮನಿ? ಒಬ್ಬಾಕಿ ಎಲ್ಲೆರೆ ಬೀಳ್ತೀನಿ." ಏಣಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಎರಡು ಮೆಟ್ಟಿಲು ಹತ್ತಿ, ಅಲ್ಲಿಂದ ತಿರುಗಿದಳು. "ಬಾಡಗಿ ಮನ್ಯಾನ ಮಂದಿ ಮಳಿ ಬಂದ ಕೂಡ್ಲೇ ಮ್ಯಾಲ ನೋಡ್ತಾರ್ರಿ. ಮಲಗಿದ್ದ ಹುಡುಗ್ರೂ ಕಣ್ಣು ತಗದು ಮ್ಯಾಲ ನೋಡ್ತಾವು. ಹಂಗ ನೋಡೂದು ಆಗಬಾರ್ದು. ಮಳಿ ಬರ್ತೈತಿ, ಬರ್ಲಿ, ಅಂತ ಮಗ್ಗಲ ಬದಲಿಸಿ ಮಲ್ಕೋಬೇಕು. ಅಷ್ಟ ಆದ್ರ ಸಾಕು."